ಹಳೆಯ ಮನೆಯ ಮೇಲೇಕೆ ಹಾರೆ?

ಅಡಿಕೆ ಸುಗ್ಗಿಯ ದುಡ್ಡು ಕೈಸೇರುತ್ತಿದ್ದಂತೆ ಮಲೆನಾಡಿನ ಹಳೆಯ ಮನೆಗಳ ಮೇಲೆ ಹಾರೆ ಬೀಳತೊಡಗುತ್ತದೆ. ಮಣ್ಣಿನ ಗೋಡೆ, ಹಲಸಿನ ಕಂಬ, ಹೆಂಚಿನ ಮಾಡು. ಮೂರು ತಲೆಮಾರು ಬಾಳಿದ ಮನೆ ನಾಲ್ಕು ದಿನಗಳಲ್ಲಿ ನೆಲಸಮವಾಗುತ್ತದೆ. ಆ ಜಾಗದಲ್ಲಿ ಏಳುವುದು ಬಯಲುಸೀಮೆಯ ಪೇಟೆಯಿಂದ ಹೊತ್ತು ತಂದಂತಿರುವ ತಾರಸಿಯ ಪೆಟ್ಟಿಗೆ. ಧೋ ಎಂದು ಮಳೆ ಸುರಿಯುವ ಸೀಮೆಯಲ್ಲಿ ನೀರು ನಿಲ್ಲುವ ಚಪ್ಪಟೆ ಸೂರು! ಕೆಲವೇ ಮಳೆಗಾಲಗಳಲ್ಲಿ ಅದು ಜಿನುಗತೊಡಗಿದಾಗ ಅದರ ನೆತ್ತಿಯ ಮೇಲೊಂದು ತಗಡಿನ ಮಾಡು ಏರುತ್ತದೆ. ಇಳಿಜಾರು ಮಾಡನ್ನು ಕೆಡವಿದವರೇ ಮತ್ತೆ ಇಳಿಜಾರು ಮಾಡಿಗೆ ಹಣ ತೆರುತ್ತಾರೆ.

ಹಗಲಿಡೀ ಬಿಸಿಲು ಹೀರಿದ ಕಾಂಕ್ರೀಟು ರಾತ್ರಿಯಿಡೀ ಕೋಣೆಯೊಳಗೆ ಶಾಖ ಕಾರುತ್ತದೆ. ಹೆಂಚಿನ ಸಂದುಗಳಲ್ಲಿ ತಾನಾಗಿ ಹೊರಹೋಗುತ್ತಿದ್ದ ಬಿಸಿಗಾಳಿಯನ್ನು ಈಗ ವಿದ್ಯುತ್ತು ಸುಟ್ಟು ಅಟ್ಟಬೇಕು. ಆ ವಿದ್ಯುತ್ತಿನ ಬೆಲೆಯನ್ನು ಮಲೆನಾಡಿಗೆ ಯಾರೂ ವಿವರಿಸಬೇಕಾಗಿಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಊರುಗಳು ಮುಳುಗಿದವು. ಎದ್ದು ಬಂದವರಲ್ಲಿ ಎಷ್ಟೋ ಕುಟುಂಬಗಳು ಭೂಮಿಯ ಹಕ್ಕುಪತ್ರಕ್ಕಾಗಿ ದಶಕಗಟ್ಟಲೆ ಅಲೆದಿವೆ. ಅದೇ ಕಣಿವೆಗೆ ಬಳಿಕ 2,000 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆಯ ಪ್ರಸ್ತಾಪ ಬಂದಿತು. ಇಂಥ ಯೋಜನೆ ಕೊಡುವ ವಿದ್ಯುತ್ತಿಗಿಂತ ನೀರೆತ್ತಲು ನುಂಗುವ ವಿದ್ಯುತ್ತೇ ಹೆಚ್ಚು. ಹಳ್ಳಿಯ ಮನೆಗಳು ದೀಪ ಆರಿಸಿದ ಮಾತ್ರಕ್ಕೆ ಇವು ನಿಲ್ಲುವುದಿಲ್ಲ, ನಿಜ. ನಗರ ಮತ್ತು ಕಾರ್ಖಾನೆಗಳ ಹಸಿವು ಬೇರೆಯೇ ಅಳತೆಯದು. ಆದರೆ ಆ ಹಸಿವನ್ನು ಪ್ರಶ್ನಿಸಿ ಘೋಷಣೆ ಕೂಗಿದವರು ಮನೆಗೆ ಬಂದು ತಾರಸಿಯ ನಕಾಶೆ ಬಿಡಿಸಿದರೆ ಅದನ್ನು ಏನೆಂದು ಕರೆಯಬೇಕು?

‘ಹಳೆಯ ಮನೆ ಕತ್ತಲೆ, ಹೊಗೆ, ಥಂಡಿ, ಗೆದ್ದಲು’ ಎಂಬ ದೂರು ಸುಳ್ಳಲ್ಲ. ಈ ದೂರು ಹೆಚ್ಚಾಗಿ ಹೆಂಗಸರದ್ದು. ಮನೆಯ ಸೊಬಗನ್ನು ಹೊಗಳುವವರು ಹೆಚ್ಚಾಗಿ ಜಗಲಿಯಲ್ಲಿ ಕುಳಿತ ಗಂಡಸರು. ಆದರೆ ಪ್ರತಿಯೊಂದಕ್ಕೂ ಮದ್ದಿದೆ. ಕತ್ತಲೆಗೆ ನಾಲ್ಕಾರು ಗಾಜಿನ ಹೆಂಚು, 60 ವಾಟ್ ಬುರುಡೆಯ ಬದಲು 9 ವಾಟ್‌ನ ಎಲ್‌ಇಡಿ. ಹಳೆಯ ಒಲೆಯಲ್ಲಿ ಸೌದೆಯ ಶಾಖದ ಹತ್ತನೆಯ ಒಂದು ಪಾಲಷ್ಟೇ ಪಾತ್ರೆಗೆ ತಲಪುತ್ತದೆ, ಉಳಿದುದು ಗೋಡೆಗೆ, ಗಾಳಿಗೆ, ಕಣ್ಣಿಗೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರ ರೂಪಿಸಿದ ಒಲೆ ಇದಕ್ಕೆ ಉತ್ತರ ಕೊಟ್ಟು ಎಷ್ಟೋ ಕಾಲವಾಯಿತು. ನಾಲ್ಕೈದು ದನಗಳಿದ್ದರೆ ಗೋಬರ್ ಗ್ಯಾಸ್ ಇದೆ. ಬಚ್ಚಲ ಹಂಡೆಗೆ ಬೇಸಿಗೆಯಲ್ಲಿ ಸೌರಶಾಖ ಸಾಕು. ಆಷಾಢದಲ್ಲಿ ಮಾತ್ರ ಅದನ್ನು ನಂಬಿ ಕೂರಬಾರದು.

ಥಂಡಿಯ ಮಾತು ಕೊಂಚ ವಿವರವಾಗಿ ಬೇಕು, ಏಕೆಂದರೆ ಎಷ್ಟೋ ಮನೆಗಳು ಕೆಟ್ಟಿರುವುದು ಉಪಚಾರದಿಂದಲೇ. ಮಣ್ಣಿನ ಗೋಡೆ ತೇವವನ್ನು ಹೀರುತ್ತದೆ, ಬಿಡುತ್ತದೆ. ‘ಗಟ್ಟಿಯಾಗಲಿ’ ಎಂದು ಅದಕ್ಕೆ ಸಿಮೆಂಟಿನ ಗಿಲಾವು ಬಳಿದರೆ ಬುಡದಿಂದ ಏರಿದ ನೀರಿಗೆ ಹೊರದಾರಿಯಿಲ್ಲದೆ ಗೋಡೆ ಒಳಗೊಳಗೇ ಮೆತ್ತಗಾಗುತ್ತದೆ, ಗಿಲಾವು ಹೊಪ್ಪಳೆ ಹೊಪ್ಪಳೆಯಾಗಿ ಕಳಚುತ್ತದೆ. ಆಗ ದೂರು ಮಣ್ಣಿನ ಮೇಲೆ! ಸಿಮೆಂಟು ಕೆರೆದು ತೆಗೆದು, ಗೋಡೆ ಒಣಗಲು ಬಿಟ್ಟು, ಸುಣ್ಣದ ಗಾರೆ ಹಚ್ಚಬೇಕು. ಬುಡದ ಸುತ್ತ ಚರಂಡಿ ಬಿಡಿಸಿ, ಸೂರಂಚನ್ನು ಒಂದೂವರೆ ಅಡಿ ಮುಂದೆ ಚಾಚಿ, ಗಾಳಿಮಳೆಯ ದಿಕ್ಕಿಗೆ ಅಡಿಕೆ ಸೋಗೆಯ ತಟ್ಟಿ ಕಟ್ಟಬೇಕು. ಗೆದ್ದಲು ತಿಂದ ಪಕಾಸು, ರೀಪುಗಳನ್ನಷ್ಟೇ ಬದಲಿಸಿದರಾಯಿತು. ಅದಕ್ಕಾಗಿ ಕಾಡಿಗೆ ಕೊಡಲಿ ಹಾಕಬೇಕಿಲ್ಲ, ಕೆಡವಿದ ಮನೆಗಳ ನಾಟಾ ಊರೂರಿನಲ್ಲಿ ಬಿದ್ದಿದೆ. ಸೂರಂಚಿಗೆ ದೋಣಿ ಕಟ್ಟಿದರೆ ನೀರೂ ದಕ್ಕುತ್ತದೆ: ನೂರು ಚದರ ಮೀಟರ್ ಮಾಡಿನ ಮೇಲೆ 3,000 ಮಿಲಿಮೀಟರ್ ಮಳೆಯೆಂದರೆ 3 ಲಕ್ಷ ಲೀಟರ್. ಮಾರ್ಚಿನಲ್ಲಿ ಬಾವಿ ಬತ್ತಿ ಟ್ಯಾಂಕರ್ ಕಾಯುವ ಊರುಗಳು ಈ ಲೆಕ್ಕವನ್ನು ನೋಡಲಿ.

ದೊಡ್ಡ ತೊಟ್ಟಿಮನೆಗಳನ್ನು ಕೊಂಡಾಡುವಾಗ ಒಂದು ಎಚ್ಚರವೂ ಇರಬೇಕು. ಅವುಗಳ ಮಣ್ಣು ಹೊತ್ತು ತುಳಿದವರು ಬಹುಕಾಲ ಸೋಗೆಯ ಗುಡಿಸಲಿನಲ್ಲೇ ಇದ್ದರು. ಅವರ ಮಕ್ಕಳು ತಾರಸಿ ಬಯಸಿದರೆ ಅದನ್ನು ಹೀಯಾಳಿಸುವ ಹಕ್ಕು ಯಾರಿಗೂ ಇಲ್ಲ. ಇಲ್ಲಿನ ತಕರಾರು, ಗಟ್ಟಿಮುಟ್ಟಾದ ಮನೆಯಿದ್ದೂ ನೆಂಟರೆದುರಿನ ನಾಚಿಕೆಗೆ ಅದನ್ನು ಕೆಡಹುವವರೊಡನೆ.

ಸುಣ್ಣ ಅರಳಿಸಿ ಗಾರೆ ಹದ ಮಾಡಬಲ್ಲ ಕೈಗಳು ಇಂದು ಬಹುತೇಕ ಮುಪ್ಪಿನವು. ಸುಗ್ಗಿಯಿಂದ ಮುಂಗಾರಿನವರೆಗಿನ ಒಣ ತಿಂಗಳುಗಳೇ ಈ ಕೆಲಸದ ಕಾಲ. ಊರಿನಲ್ಲಿ ಒಂದು ಮನೆಯಾದರೂ ಈ ಬೇಸಿಗೆಯಲ್ಲಿ ಗಾರೆ ಕೆಲಸಕ್ಕೆ ಆ ಹಿರಿಯರನ್ನು ಕರೆಯಲಿ. ಪಕ್ಕದಲ್ಲಿ ಸುಣ್ಣ ಕಲಸಲು ಇಬ್ಬರು ಕಾಲೇಜು ಹುಡುಗರು ನಿಲ್ಲಲಿ.