ಬಂಡಿಯನ್ನು ಮರಳಿ ಕರೆಯುವ ಕಾಗದ

ನಮ್ಮ ಬಸ್ರೂರಿನಲ್ಲಿ ಮನೆಗೆ ಬರುವ ಕಾಗದಗಳಿಗೆ ಮೂರು ಗತಿಗಳುಂಟು. ಮದುವೆ ಉಪನಯನಗಳ ಕರೆಯೋಲೆಯು ದೇವರ ಕೋಣೆಯನ್ನು ಸೇರುವುದು. ಕರೆಂಟಿನ ಬಿಲ್ಲು ಜಗಲಿಯ ಮೊಳೆಗೆ ಚುಚ್ಚಿಸಿಕೊಳ್ಳುವುದು. ಉಳಿದ ಅಚ್ಚಿನ ಕಾಗದಗಳೆಲ್ಲ ಬಚ್ಚಲೊಲೆಯ ಪಾಲಾಗುವುವು. ಈ ಮೂರನೆಯ ಗತಿಯನ್ನು ಪಡೆದ ಒಂದು ಕಾಗದದ ವಿಷಯವಾಗಿ ಈ ತಿಂಗಳು ವಾಚಕರೊಡನೆ ಮಾತನಾಡಬೇಕೆಂದಿದ್ದೇವೆ. ವ್ಯಾಕರಣದ ಮಾಸ್ತರರಿಗೆ ಯಂತ್ರಗಳ ಗೊಡವೆ ಯಾತಕ್ಕೆ ಎಂದು ಕೇಳುವವರು ಸ್ವಲ್ಪ ತಾಳಬೇಕು.

ನಮ್ಮ ನೆರೆಮನೆಯ ಸೊಸೆಯು ಕುಂದಾಪುರದ ಒಂದು ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸದಲ್ಲಿರುವಳು. ಬೆಳಿಗ್ಗೆ ಮಗುವನ್ನು ಸ್ಕೂಟರಿನ ಮುಂಭಾಗದಲ್ಲಿ ನಿಲ್ಲಿಸಿಕೊಂಡು ಹೊರಟು, ಅದನ್ನು ಶಾಲೆಗೆ ಬಿಟ್ಟು, ತಾನು ಬಸ್ರೂರು ಮೂರುಕೈಯಲ್ಲಿ ಹೆದ್ದಾರಿಯನ್ನು ಸೇರಿ ಕೆಲಸಕ್ಕೆ ಹೋಗುವಳು. ಆ ಸ್ಕೂಟರು ಹೊಸದಲ್ಲ. ಇದೇ ಕೇರಿಯ ಹುಡುಗನೊಬ್ಬನು ಬೆಂಗಳೂರಿಗೆ ಹೋಗುವಾಗ ಅವಳಿಗೆ ಮಾರಿದುದು. ಯಾವ ಕಂಪೆನಿಯದೆಂಬ ಮಾತು ಇಲ್ಲಿ ಬೇಡ. ಕೊಂಡ ಒಂದು ತಿಂಗಳಿಗೇ ಬಂಡಿಯ ಮುಂಭಾಗದಿಂದ, ಗುಂಡಿಯಲ್ಲಿ ಇಳಿದಾಗಲೆಲ್ಲ, 'ಕಟಕ್' ಎಂಬ ಶಬ್ದವು ಬರತೊಡಗಿತು. ಗ್ಯಾರೇಜಿನವನು ಮೊದಲ ಸಲ ಒಂದು ನಟ್ಟನ್ನು ಬಿಗಿಮಾಡಿದನು. ಎರಡನೆಯ ಸಲ ಎಣ್ಣೆ ಬಿಟ್ಟನು. ಮೂರನೆಯ ಸಲ, "ರಸ್ತೆ ಸಮ ಇಲ್ಲೆ ಅಕ್ಕ, ಗಾಡಿದ್ದೆಂತ ತಪ್ಪ್ ಇಲ್ಲೆ" ಎಂದು ಹೇಳಿ ಕಳುಹಿಸಿದನು. ನಮ್ಮ ರಸ್ತೆಗಳನ್ನು ಬಲ್ಲವರಾರೂ ಆ ಮಾತನ್ನು ಅಲ್ಲಗಳೆಯಲಾರರು. ಅವಳೂ ನಂಬಿದಳು. ಹೀಗೆಯೇ ಐದು ತಿಂಗಳುಗಳು ಕಳೆದುವು.

ಒಂದು ಸೋಮವಾರ ಸಂಜೆ ಮಹಾಲಿಂಗೇಶ್ವರ ದೇವಸ್ಥಾನದ ಅಂಗಳದಲ್ಲಿ ಆ ಹುಡುಗನ ತಾಯಿ ಸಿಕ್ಕಿದರು. ಕುಶಲಪ್ರಶ್ನೆಯ ನಡುವೆ ಆಕೆ ಸಹಜವಾಗಿ ಹೇಳಿದ ಮಾತು ಇದು: "ನಮ್ ಮಾಣಿಗೆ ಸ್ಕೂಟ್ರ್ ಕಂಪೆನಿಯಿಂದ ಎಂತದೋ ಕಾಗ್ದ ಬಂದಿತ್ತ್ ಮಾಷ್ಟ್ರೇ. ಗಾಡಿ ಮಾರಿ ಆಯ್ತಲ್ಲ, ಇನ್ನೆಂತಕ್ಕೆ ಅಂದ್ಹೇಳಿ ಒಲಿಗೆ ಹಾಕ್ದೆ." ಅದರಲ್ಲಿ ಏನು ಬರೆದಿತ್ತೆಂದು ಕೇಳಿದೆವು. ಮೊಮ್ಮಗಳು ಓದಿ ಹೇಳಿದ್ದಳಂತೆ. "ಮುಂದಿನ ಚಕ್ರದ ಹತ್ರ ಎಂತದೋ ಧರ್ಮಕ್ಕೆ ಬದ್ಲ್ ಮಾಡಿ ಕೊಡ್ತ್ರಂಬ್ರ್."

ಕಂಪೆನಿಯವರು ಧರ್ಮಕ್ಕೆ ಒಂದು ವಸ್ತುವನ್ನು ಕೊಡುವೆವೆಂದು ತಾವಾಗಿ ಕಾಗದ ಬರೆದರೆ, ಅದು ಔದಾರ್ಯದಿಂದ ಬಂದುದಾಗಿರಲಾರದು. ಭಯದಿಂದ ಬಂದುದೇ ಇರಬೇಕು. ಈ ವಿಚಾರವು ಹೊಳೆದ ಕೂಡಲೆ ನಮಗೆ ದೇವಸ್ಥಾನದಲ್ಲಿ ನಿಲ್ಲಲಾಗಲಿಲ್ಲ. ಪ್ರಸಾದವನ್ನೂ ಮರೆತು ನೆರೆಮನೆಗೆ ನಡೆದೆವು.

ವೇದಕಾಲದಿಂದಲೂ ಮನುಷ್ಯನಿಗೆ ಚಕ್ರದ ಚಿಂತೆ ತಪ್ಪಿದುದಲ್ಲ. 'ಸುಖ' ಎಂಬ ಶಬ್ದವನ್ನು ನಾವು ದಿನಕ್ಕೆ ಹತ್ತು ಸಲ ಆಡುವೆವಷ್ಟೆ. ಋಗ್ವೇದದಲ್ಲಿ ಅದು ರಥಕ್ಕೆ ವಿಶೇಷಣವಾಗಿ ಬರುವುದು. 'ಖ' ಎಂದರೆ ರಂಧ್ರ. ಚಕ್ರದ ನಾಭಿಯ ರಂಧ್ರದಲ್ಲಿ ಅಚ್ಚು ಸರಿಯಾಗಿ ಕುಳಿತು ತಿರುಗುವ ರಥವೇ ಸುಖವಾದ ರಥವೆಂದು ಶಬ್ದಶಾಸ್ತ್ರವನ್ನು ಬಲ್ಲವರು ಹೇಳುವರು. ಇಂದಿನ ಸ್ಕೂಟರಿನಲ್ಲಿ ಆ ಸುಖವು ಹೆಚ್ಚಾಗಿ ಮುಂದಿನ ಕವೆಯಲ್ಲಿರುವುದು. ಹಿಡಿಕೆಯಿಂದ ಕೆಳಗಿಳಿದು ಚಕ್ರವನ್ನು ಎರಡು ಕಡೆಯಿಂದಲೂ ಹಿಡಿದುಕೊಂಡಿರುವ ಈ ಭಾಗವನ್ನು ಗ್ಯಾರೇಜಿನವರು ಫೋರ್ಕು ಎನ್ನುವರು. ಅದರಲ್ಲಿರುವ ಸ್ಪ್ರಿಂಗು ಗುಂಡಿಯ ಪೆಟ್ಟನ್ನು ನುಂಗಿಕೊಳ್ಳುವುದು. ಅಲ್ಲಿಯ ಎಣ್ಣೆಯು ಸ್ಪ್ರಿಂಗಿನ ಕುಣಿತವನ್ನು ತಡೆಯುವುದು. ಬ್ರೇಕು ಹಿಡಿದಾಗ ಬಂಡಿಯ ಭಾರವೂ ಸವಾರರ ಭಾರವೂ ಮುಂದಕ್ಕೆ ಬಿದ್ದು ಈ ಕವೆಯ ಮೇಲೆಯೇ ಒರಗುವುವು. ಇಷ್ಟನ್ನೂ ಒಂದುಗೂಡಿಸಿ ಹಿಡಿದಿರುವುದು ಹೆಬ್ಬೆರಳಿಗಿಂತ ದೊಡ್ಡದಲ್ಲದ ಕೆಲವು ಬೋಲ್ಟುಗಳು. ಹಿಂದಿನ ಚಕ್ರದ ಬಳಿ ಏನಾದರೂ ಸಡಿಲವಾದರೆ ಬಂಡಿಯು ತೂರಾಡುತ್ತಾದರೂ ನಿಂತೀತು. ಮುಂದಿನ ಚಕ್ರವು ಹಿಡಿಕೆಯ ಮಾತನ್ನು ಕೇಳದೆ ಹೋದರೆ ಸವಾರನು ಮಾಡುವಂಥದು ಏನೂ ಉಳಿಯದು.

ಇಂಥ ಒಂದು ಬೋಲ್ಟಿನ ಸಲುವಾಗಿ 2018ರಲ್ಲಿ ನಮ್ಮ ದೇಶದಲ್ಲಿ ಐವತ್ತಾರು ಸಾವಿರಕ್ಕಿಂತ ಹೆಚ್ಚು ಸ್ಕೂಟರುಗಳನ್ನು ಮರಳಿ ಕರೆದುದುಂಟು. (ಮೇಲೆ ಹೇಳಿದ ನೆರೆಮನೆಯ ಬಂಡಿಗೂ ಇದಕ್ಕೂ ಸಂಬಂಧವಿಲ್ಲ.) ನಮ್ಮ ಕೋಲಾರ ಜಿಲ್ಲೆಯ ನರಸಾಪುರದಲ್ಲಿ 2013ರಿಂದ ಒಂದು ಕಾರ್ಖಾನೆಯನ್ನು ನಡೆಸುತ್ತಿರುವ ಹೋಂಡಾ ಕಂಪೆನಿಯವರು, ಆ ವರ್ಷದ ಫೆಬ್ರವರಿ 7ರಿಂದ ಮಾರ್ಚ್ 16ರವರೆಗೆ ತಯಾರಾದ ಆಕ್ಟಿವಾ 125, ಏವಿಯೇಟರ್, ಗ್ರಾಜಿಯಾ ಎಂಬ ಮೂರು ಬಗೆಯ 56,194 ಬಂಡಿಗಳಲ್ಲಿ ಮುಂದಿನ ಫೋರ್ಕಿನ ಬೋಲ್ಟಿನ ಗಡಸುತನವನ್ನು ಪರೀಕ್ಷಿಸಬೇಕಾಗಿದೆಯೆಂದೂ, ಅಗತ್ಯವಿದ್ದಲ್ಲಿ ವಾರಂಟಿಯ ಅವಧಿಯನ್ನು ನೋಡದೆ ಹಣವಿಲ್ಲದೆ ಬದಲಾಯಿಸಿಕೊಡುವೆವೆಂದೂ ತಾವಾಗಿಯೇ ಪ್ರಕಟಿಸಿದರು.

ಗಡಸುತನವೆಂದರೇನೆಂಬುದನ್ನು ಅಡುಗೆಮನೆಯಲ್ಲಿ ಮೆಟ್ಟುಕತ್ತಿಯ ಮುಂದೆ ಕುಳಿತವರಿಗೆ ವಿವರಿಸಬೇಕಾಗಿಲ್ಲ. ಕಮ್ಮಾರನು ಹಾಕಿದ ಹದವು ಮೀರಿದರೆ ಅಲಗು ಚಿಟಿಲ್ಲನೆ ಮುರಿಯುವುದು. ಹದವು ಸಾಲದಿದ್ದರೆ ಬಾಯಿ ಮಡಚಿಕೊಳ್ಳುವುದು. ಎರಡನ್ನೂ ಬರಿಯ ಕಣ್ಣಿನಿಂದ ನೋಡಿ ತಿಳಿಯಲಾಗದು. ಬೋಲ್ಟಿನ ಸಂಗತಿಯೂ ಹಾಗೆಯೇ. ಹೊರಗೆ ಬೆಳ್ಳಿಯಂತೆ ಹೊಳೆಯುವ ಬೋಲ್ಟಿನ ಹದ ತಪ್ಪಿದೆಯೆಂಬುದು ಅದನ್ನು ಮಾಡಿದವರ ಲೆಕ್ಕದ ಪುಸ್ತಕದಲ್ಲಿ ಮಾತ್ರ ಗೊತ್ತಾಗಬೇಕು. ಆದುದರಿಂದಲೇ ಕೇರಿಯ ಗ್ಯಾರೇಜಿನವನ ಮೇಲೆ ನಮಗೆ ಸಿಟ್ಟಿಲ್ಲ.

ಮಾಡಿ ಕಳುಹಿಸಿದುದನ್ನು ಮರಳಿ ಕರೆಯುವ ಈ ವಿದ್ಯೆಗೆ ನಮ್ಮಲ್ಲಿ ಹಳೆಯ ಹೆಸರೊಂದಿದೆ. ಅಸ್ತ್ರವಿದ್ಯೆಯಲ್ಲಿ ಪ್ರಯೋಗ, ಉಪಸಂಹಾರ ಎಂದು ಎರಡು ಭಾಗಗಳು. ಮಹಾಭಾರತದ ಸೌಪ್ತಿಕ ಪರ್ವದಲ್ಲಿ ಅರ್ಜುನನೂ ಅಶ್ವತ್ಥಾಮನೂ ಅಸ್ತ್ರಗಳನ್ನು ಬಿಟ್ಟಾಗ, ಋಷಿಗಳ ಮಾತಿಗೆ ಅರ್ಜುನನು ತನ್ನದನ್ನು ಹಿಂದಕ್ಕೆ ತೆಗೆದುಕೊಂಡನು. ಅಶ್ವತ್ಥಾಮನಿಗೆ ಬಿಡುವುದು ಗೊತ್ತಿತ್ತು, ಕರೆಯುವುದು ಗೊತ್ತಿರಲಿಲ್ಲ. ಅದರ ಫಲವನ್ನು ಉಣ್ಣಬೇಕಾಗಿ ಬಂದುದು ಉತ್ತರೆಯ ಗರ್ಭದಲ್ಲಿದ್ದ ಶಿಶು.

ವಾಹನಗಳ ಉಪಸಂಹಾರಕ್ಕೆ ಕಾನೂನು ಬಂದುದು ಬಹಳ ತಡವಾಗಿ. ಅಮೆರಿಕದಲ್ಲಿ ರಾಲ್ಫ್ ನೇಡರ್ ಎಂಬ ನ್ಯಾಯವಾದಿಯು 1965ರಲ್ಲಿ ಮೋಟಾರು ಕಂಪೆನಿಗಳ ಉದಾಸೀನವನ್ನು ಖಂಡಿಸಿ ಒಂದು ಪುಸ್ತಕವನ್ನು ಬರೆದನು. ಅದರ ಮೊದಲ ಅಧ್ಯಾಯವೇ ಕಾರ್ವೇರ್ ಎಂಬ ಕಾರಿನ ಹಿಂದಿನ ಚಕ್ರಗಳ ತೂಗುವ್ಯವಸ್ಥೆಯ ಮೇಲಿನದು. ಮರುವರ್ಷವೇ, 1966ರಲ್ಲಿ, ಅಲ್ಲಿ ಕಾನೂನಾಯಿತು: ದೋಷವನ್ನು ಕಂಡ ಕಂಪೆನಿಯು ಮೊದಲ ಖರೀದಿದಾರನಿಗೆ ಕಾಗದದ ಮೂಲಕ ತಿಳಿಸತಕ್ಕದ್ದು. ಹಣವಿಲ್ಲದೆ ಸರಿಪಡಿಸಿಕೊಡಬೇಕೆಂಬ ಕಡ್ಡಾಯವು 1974ರಲ್ಲಿ ಬಂತು. ನಮ್ಮ ದೇಶದ ವಾಹನ ತಯಾರಕರು 2012ರಲ್ಲಿ ತಮ್ಮ ಸಂಘದ ಮೂಲಕ ಸ್ವಯಂಪ್ರೇರಿತ ನಿಯಮವೊಂದನ್ನು ಮಾಡಿಕೊಂಡರು. ಆಮೇಲೆ 2019ರ ಮೋಟಾರು ವಾಹನ ತಿದ್ದುಪಡಿ ಕಾನೂನಿನಲ್ಲಿ 110ಎ ಎಂಬ ಕಲಮು ಸೇರಿ, ಸಂಬಂಧಪಟ್ಟ ನಿಯಮಗಳು 2021ರ ಏಪ್ರಿಲ್ 1ರಿಂದ ಜಾರಿಗೆ ಬಂದುವು. ಈಗ ಸರಕಾರವೇ ಬಂಡಿಗಳನ್ನು ಮರಳಿ ಕರೆಯಿಸಬಹುದು. ತಯಾರಾಗಿ ಏಳು ವರ್ಷಗಳಾಗದ ವಾಹನಗಳಿಗೆ ಇದು ಅನ್ವಯಿಸುವುದು. ಹತ್ತು ಲಕ್ಷದಿಂದ ಒಂದು ಕೋಟಿ ರೂಪಾಯಿವರೆಗೆ ದಂಡವನ್ನೂ ಹಾಕಬಹುದು. ಕಂಪೆನಿಯೇ ಮುಂದಾಗಿ ದೋಷವನ್ನು ತಿಳಿಸಿ ಬಂಡಿಗಳನ್ನು ಕರೆದರೆ ಈ ದಂಡವಿಲ್ಲ. ಇದನ್ನು ನಾವು ಒಳ್ಳೆಯ ಏರ್ಪಾಡೆಂದೇ ತಿಳಿಯುವೆವು. ತಪ್ಪನ್ನು ಒಪ್ಪಿಕೊಂಡ ಹುಡುಗನಿಗೆ ಬೆತ್ತವನ್ನು ತೋರಿಸಿದರೆ ಮರುದಿನದಿಂದ ಯಾವ ಹುಡುಗನೂ ಒಪ್ಪಿಕೊಳ್ಳುವುದಿಲ್ಲವೆಂಬುದನ್ನು ಶಾಲೆಯಲ್ಲಿ ಕಂಡವರು ನಾವು.

ಇಷ್ಟೆಲ್ಲ ಆದರೂ ಕಾಗದವು ಯಾರ ಮನೆಗೆ ಹೋಗುವುದು? ಕಂಪೆನಿಯ ಪುಸ್ತಕದಲ್ಲಿರುವುದು ಬಂಡಿಯನ್ನು ಅಂಗಡಿಯಿಂದ ಹೊಸದಾಗಿ ಕೊಂಡವನ ವಿಳಾಸ. ನಮ್ಮ ಕಡೆಯಲ್ಲಿ ಬಂಡಿಗಳು ಎಷ್ಟು ಕೈ ದಾಟುವುವೆಂಬುದನ್ನು ವಾಚಕರು ಬಲ್ಲರು. ಅಣ್ಣನು ಮುಂಬಯಿಗೆ ಹೋಗುವಾಗ ತಮ್ಮನಿಗೆ, ತಮ್ಮನಿಂದ ಭಾವನಿಗೆ, ಭಾವನಿಂದ ಕಂಡ್ಲೂರಿನ ಯಾರಿಗೋ. ಬೆಂಗಳೂರಿನ ಹೋಟೆಲಿನಲ್ಲಿ ದುಡಿಯುವ ಮಗನು ಅಲ್ಲಿ ಕೊಂಡ ಬಂಡಿಯು ಊರಿನ ಮನೆಯಲ್ಲಿ ತಂಗಿಯ ಉಪಯೋಗಕ್ಕೆ ಬರುವುದು. 29 ಮತ್ತು 30ನೆಯ ನಮೂನೆಗಳನ್ನು ತುಂಬಿ ಉಡುಪಿಯ ಸಾರಿಗೆ ಕಚೇರಿಯಲ್ಲಿ ಹೆಸರು ಬದಲಾಯಿಸಿಕೊಳ್ಳುವುದನ್ನು ನಮ್ಮವರು 'ನೋಡುವಾ' ಎಂದು ಮುಂದೂಡುವರು. ದೂರವಾಣಿಯ ಸಂಖ್ಯೆಯಂತೂ ಹಳೆಯ ಯಜಮಾನನದೇ. ಹೀಗಿರಲು, ಅಪಾಯವನ್ನು ತಿಳಿಸುವ ಕಾಗದವು ಆ ಬಂಡಿಯ ಮೇಲೆ ಎಂದೂ ಕೂರದವನ ಮನೆಗೆ ಹೋಗುವುದು.

ಅದಕ್ಕಾಗಿ ಕಾಗದವನ್ನು ಕಾಯದೆ ಕೇಳುವವರು ನಾವೇ ಆಗಬೇಕು. ಆರ್.ಸಿ. ಪುಸ್ತಕದಲ್ಲಿಯೂ ಬಂಡಿಯ ಚೌಕಟ್ಟಿನ ಮೇಲೆಯೂ ಹದಿನೇಳು ಅಕ್ಷರ ಅಂಕೆಗಳ ಚಾಸಿ ನಂಬ್ರವಿರುವುದು. ಅದನ್ನು ಬರೆದುಕೊಂಡು ಕಂಪೆನಿಯ ಅಧಿಕೃತ ಶೋರೂಮಿಗೆ ಹೋಗಿ, ಈ ಬಂಡಿಯನ್ನು ಯಾವಾಗಲಾದರೂ ಮರಳಿ ಕರೆದಿದ್ದೀರಾ, ಕರೆದಿದ್ದರೆ ಆ ಕೆಲಸವು ಆಗಿದೆಯೇ ಎಂದು ಕೇಳಿದರೆ ಸಾಕು. ಮನೆಯ ಮಕ್ಕಳು ಕಂಪೆನಿಯ ಜಾಲತಾಣದಲ್ಲಿ ನಂಬ್ರವನ್ನು ಒತ್ತಿ ನೋಡುವುದೂ ಉಂಟು. ಹಳೆಯ ಬಂಡಿಯನ್ನು ಕೊಳ್ಳುವವರು ಹಣವನ್ನು ಕೊಡುವ ಮೊದಲೇ ಈ ಕೆಲಸವನ್ನು ಮಾಡುವುದು ಲೇಸು. ಇನ್ನು ಮುಂದಿನ ಕವೆಯಲ್ಲಿ ಶಬ್ದ, ಎಣ್ಣೆಯ ಜಿನುಗು, ಹಿಡಿಕೆಯು ಒಂದೇ ಕಡೆಗೆ ಎಳೆಯುವುದು, ಇವುಗಳಲ್ಲಿ ಯಾವುದು ಕಂಡರೂ ರಸ್ತೆಯನ್ನು ದೂರಿ ಸುಮ್ಮನಾಗಬಾರದು.

ನೆರೆಮನೆಯ ಸೊಸೆಯು ಮರುದಿನ ಬಸ್ಸಿನಲ್ಲಿ ಕೆಲಸಕ್ಕೆ ಹೋದಳು. ನಂಬ್ರವನ್ನು ಅವಳ ಗಂಡನು ಶೋರೂಮಿಗೆ ಫೋನಿನಲ್ಲಿ ಓದಿ ಹೇಳಿದಾಗ, ಅದು ಪಟ್ಟಿಯಲ್ಲಿದೆಯೆಂದೂ, ಬಂಡಿಯನ್ನು ಓಡಿಸಿಕೊಂಡು ಬರಬೇಡಿರೆಂದೂ ಉತ್ತರವು ಬಂತು. ಟೆಂಪೋದಲ್ಲಿ ಹಾಕಿ ಒಯ್ದರು. ಒಂದು ಗಂಟೆಯೊಳಗೆ ಕೆಲಸವು ಮುಗಿಯಿತು, ದುಡ್ಡು ಕೇಳಲಿಲ್ಲ. ಟೆಂಪೋದ ಬಾಡಿಗೆಯನ್ನು ಮಾತ್ರ ಇವರೇ ಕೊಡಬೇಕಾಯಿತು. ಆ ಬಗ್ಗೆ ಅವಳ ಮಾವನವರು ಇನ್ನೂ ಗೊಣಗುತ್ತಿರುವರು.

ಕಾಗದವನ್ನು ಒಲೆಗೆ ಹಾಕಿದ ಆ ತಾಯಿಯು ವಿಷಯವನ್ನು ತಿಳಿದು ಬಹಳ ನೊಂದುಕೊಂಡರು. ಅಂದಿನಿಂದ ಮನೆಗೆ ಬಂದ ಅಚ್ಚಿನ ಕಾಗದಗಳನ್ನೆಲ್ಲ ಸೆರಗಿನಲ್ಲಿ ಕಟ್ಟಿಕೊಂಡು ಸೋಮವಾರ ದೇವಸ್ಥಾನಕ್ಕೆ ತರುವರು. ಬಟ್ಟೆಯಂಗಡಿಯ ರಿಯಾಯಿತಿ, ಚಿನ್ನದ ಚೀಟಿ, ಮೊಣಕಾಲು ನೋವಿನ ಎಣ್ಣೆ, ಎಲ್ಲವನ್ನೂ ನಾವು ಕಂಬಕ್ಕೊರಗಿ ಓದಿ ಹೇಳುತ್ತಿದ್ದೇವೆ.