ಕಣ್ಣಿಗೆ ಮಣ್ಣೆರಚಿದವರು ಹೇಡಿಗಳಲ್ಲ

ಯುದ್ಧತಂತ್ರದ ಮಾತು ಬಂದಾಗಲೆಲ್ಲ ಒಂದು ವಾದ ತಪ್ಪದೆ ಕೇಳಿಬರುತ್ತದೆ: ಎದೆಯೊಡ್ಡಿ ಹೋರಾಡುವವನು ವೀರ, ಶತ್ರುವಿನ ಕಣ್ಣಿಗೆ ಮಣ್ಣೆರಚಿ ಗೆಲ್ಲುವವನು ಹೇಡಿ. ಅದರ ಬೆನ್ನಿಗೇ ಇನ್ನೂ ಮೂರು ಆಕ್ಷೇಪಗಳು ಬರುತ್ತವೆ. ಗೆಲುವು ಕೊಡುವುದು ಸಂಖ್ಯಾಬಲವೇ ಹೊರತು ಸೋಗಲ್ಲ; ಇಂಥ ಕಥೆಗಳಲ್ಲಿ ಅರ್ಧಕ್ಕರ್ಧ ಕಟ್ಟುಕತೆ; ಉಪಗ್ರಹಗಳ ಕಾಲದಲ್ಲಿ ಈ ಆಟ ನಡೆಯದು. ನಾಲ್ಕನ್ನೂ 1942ರಲ್ಲಿ ಈಜಿಪ್ಟಿನಲ್ಲಿ ನಡೆದ ಎಲ್ ಅಲಮೀನ್ ಯುದ್ಧವನ್ನು ಮುಂದಿಟ್ಟುಕೊಂಡು ಪರೀಕ್ಷಿಸೋಣ.

ಮೊದಲು ಸಂಖ್ಯಾಬಲದ ಮಾತು. ಬ್ರಿಟಿಷ್ ಎಂಟನೇ ಸೈನ್ಯದ ಬಳಿ ಸುಮಾರು ಸಾವಿರ ಟ್ಯಾಂಕ್‌ಗಳಿದ್ದವು, ಜರ್ಮನ್ ಮತ್ತು ಇಟಾಲಿಯನ್ ಪಡೆಗಳ ಬಳಿ ಅದರ ಅರ್ಧದಷ್ಟು. ಒಪ್ಪಿದೆ. ಆದರೆ ಎದುರಿಗೆ ಲಕ್ಷಗಟ್ಟಲೆ ನೆಲಬಾಂಬುಗಳಿದ್ದವು. ಉತ್ತರಕ್ಕೆ ಸಮುದ್ರ, ದಕ್ಷಿಣಕ್ಕೆ ಕತ್ತಾರಾ ತಗ್ಗು, ಬಳಸಿಕೊಂಡು ಹೋಗಲು ದಾರಿಯೇ ಇಲ್ಲ. ನುಗ್ಗುವ ಜಾಗ ಮೊದಲೇ ಗೊತ್ತಾದರೆ ಎದುರಾಳಿ ತನ್ನ ಟ್ಯಾಂಕ್‌ಗಳನ್ನೆಲ್ಲ ಅಲ್ಲೇ ತಂದು ನಿಲ್ಲಿಸುತ್ತಾನೆ; ಆಗ ಎರಡುಪಟ್ಟು ಬಲವಿದ್ದೂ ಏನು ಪ್ರಯೋಜನ? ಎಂಟನೇ ಸೈನ್ಯದ ದಂಡನಾಯಕ ಮಾಂಟ್ಗೊಮರಿ ನುಗ್ಗಬೇಕಿದ್ದದ್ದು ಉತ್ತರದಲ್ಲಿ. ದಾಳಿ ದಕ್ಷಿಣದಲ್ಲಿ, ಅದೂ ತಡವಾಗಿ ಆಗುತ್ತದೆಂದು ಶತ್ರು ನಂಬಬೇಕಿತ್ತು. ಮರೆಗೆ ಒಂದು ಪೊದೆಯೂ ಇಲ್ಲದ ಬಯಲಿನಲ್ಲಿ ಇದನ್ನು ಸಾಧಿಸುವ ಕೆಲಸ ಸೆಪ್ಟೆಂಬರ್‌ನಲ್ಲಿ ಸಿನಿಮಾ ನಿರ್ದೇಶಕ ಜೆಫ್ರಿ ಬಾರ್ಕಸ್ ಮತ್ತು ಚಿತ್ರಕಾರ ಟೋನಿ ಐರ್ಟನ್ ಪಾಲಿಗೆ ಬಂತು. ಕಾರ್ಯಾಚರಣೆಗೆ ಬರ್ಟ್ರಮ್ ಎಂದು ಹೆಸರಿಟ್ಟರು.

ಅವರ ಕೈಚಳಕವನ್ನು ಹತ್ತಿರದಿಂದ ನೋಡಬೇಕು. ಉತ್ತರದಲ್ಲಿ ಸುಮಾರು ಎರಡು ಸಾವಿರ ಟನ್ ಪೆಟ್ರೋಲ್ ಬಚ್ಚಿಡಬೇಕಿತ್ತು. ಅಲ್ಲಿ ವರ್ಷದ ಹಿಂದೆ ತೋಡಿ ಕಲ್ಲು ಕಟ್ಟಿದ ಕಂದಕಗಳಿದ್ದವು; ಅವುಗಳ ನೆರಳು ಜರ್ಮನ್ ವೈಮಾನಿಕ ಚಿತ್ರಗಳಲ್ಲಿ ಹಳೆಯದಾಗಿ ಹೋಗಿತ್ತು. ರಾತ್ರಿ ಹೊತ್ತು ಪೆಟ್ರೋಲ್ ಡಬ್ಬಗಳನ್ನು ಆ ಗೋಡೆಗಳಿಗೆ ಒತ್ತಿ ಜೋಡಿಸಿದರು, ನೆರಳು ಬದಲಾಗಲಿಲ್ಲ. ಪರೀಕ್ಷೆಗೆಂದು ಮೇಲೆ ಹಾರಿಹೋದ ತಮ್ಮ ಕಡೆಯ ವೀಕ್ಷಕನಿಗೇ ಏನೂ ಕಾಣಲಿಲ್ಲ. ಟ್ಯಾಂಕ್‌ಗಳಿಗೆ ಲಾರಿಯಾಕಾರದ ಕ್ಯಾನ್ವಾಸ್ ಮುಸುಕು ಹೊಲಿಸಿದರು. ಈ ಸುಳ್ಳು ಲಾರಿಗಳನ್ನು ಮೊದಲೇ ನಿಲ್ಲಿಸಿ ಶತ್ರುವಿನ ಕಣ್ಣಿಗೆ ಅಭ್ಯಾಸ ಮಾಡಿಸಿ, ಕೊನೆಗೆ ಕತ್ತಲಲ್ಲಿ ನಿಜವಾದ ಟ್ಯಾಂಕ್‌ಗಳನ್ನು ಅವುಗಳ ಕೆಳಗೆ ನುಗ್ಗಿಸಿದರು. ಟ್ಯಾಂಕ್ ಹೊರಟುಬಂದ ಜಾಗದಲ್ಲಿ ಬೆಳಗಾಗುವಷ್ಟರಲ್ಲಿ ಸುಳ್ಳು ಟ್ಯಾಂಕ್ ನಿಂತಿರುತ್ತಿತ್ತು. ದಕ್ಷಿಣದ ಕಡೆಗೆ ನೀರಿನ ಪೈಪ್‌ಲೈನ್ ಸಾಗುತ್ತಿರುವಂತೆ ತೋರಿಸಲು ಹಳೆಯ ಪೆಟ್ರೋಲ್ ಡಬ್ಬಗಳನ್ನು ಬಡಿದು ಕೊಳವೆ ಮಾಡಿದರು. ಹಗಲು ಗುಂಡಿಯ ಪಕ್ಕ ಮಲಗಿದ್ದ ಕೊಳವೆ, ರಾತ್ರಿ ಗುಂಡಿ ಮುಚ್ಚಿದ ಮೇಲೆ ಮುಂದಿನ ಗುಂಡಿಯ ಪಕ್ಕಕ್ಕೆ ಹೋಗುತ್ತಿತ್ತು. ಅದು ಸಾಗುತ್ತಿದ್ದ ವೇಗ ನೋಡಿದವರಿಗೆ ದಾಳಿ ನವೆಂಬರ್‌ಗೆ ಮೊದಲು ಆಗದು ಅನ್ನಿಸಬೇಕು, ಅದೇ ಲೆಕ್ಕಾಚಾರ.

ಅಕ್ಟೋಬರ್ 23ರ ರಾತ್ರಿ ಉತ್ತರದಲ್ಲಿ ಫಿರಂಗಿಗಳು ಗುಡುಗಿದಾಗ ಜರ್ಮನ್ ದಂಡನಾಯಕ ರಾಮೆಲ್ ಕಾಯಿಲೆಯ ರಜೆಯ ಮೇಲೆ ಯುರೋಪಿನಲ್ಲಿದ್ದ. ಜರ್ಮನರ ಟ್ಯಾಂಕ್ ಪಡೆಯಾದ 21ನೇ ಪ್ಯಾಂಜರ್ ಡಿವಿಷನ್ ದಕ್ಷಿಣದಲ್ಲಿತ್ತು, 26ರವರೆಗೂ ಅಲ್ಲೇ ಉಳಿಯಿತು. ಇಂಧನದ ಕೊರತೆಯೂ ಅದಕ್ಕೊಂದು ಕಾರಣ ಎಂಬುದನ್ನು ಮರೆಮಾಚುವುದಿಲ್ಲ. ಹಾಗಾದರೆ ಎಂಟನೇ ಸೈನ್ಯದಲ್ಲಿ ಹದಿಮೂರು ಸಾವಿರಕ್ಕೂ ಹೆಚ್ಚು ಸಾವುನೋವು ಏಕಾಯಿತು ಎಂದು ಕೇಳುತ್ತಾರೆ. ಇಷ್ಟೆಲ್ಲ ಮರೆಮಾಚಿಯೂ ಅಷ್ಟು ಜನ ಬಿದ್ದರು. ಮರೆಮಾಚದೆ ಹೋಗಿದ್ದರೆ ಇನ್ನೆಷ್ಟು ಜನ ಎಂಬುದು ಕೇಳಬೇಕಾದ ಪ್ರಶ್ನೆ.

ಕಟ್ಟುಕತೆಯ ಆಕ್ಷೇಪದಲ್ಲಿ ಹುರುಳಿದೆ, ಆದರೆ ಅದು ಬೀಳಬೇಕಾದ ಕಡೆ ಬೀಳುತ್ತಿಲ್ಲ. ಜಾದೂಗಾರ ಜಾಸ್ಪರ್ ಮಾಸ್ಕೆಲಿನ್ ಅಲೆಕ್ಸಾಂಡ್ರಿಯಾ ಬಂದರನ್ನೇ ಬೇರೆಡೆಗೆ ಸರಿಸಿದಂತೆ ತೋರಿಸಿದ ಎಂಬಂಥ ಕಥೆಗಳಿಗೆ ದಾಖಲೆಯ ಆಧಾರ ಸಿಕ್ಕಿಲ್ಲ. ಆ ಕಥೆ ಸುಳ್ಳಾದರೆ ಬಾರ್ಕಸ್ ತಂಡದ ಕೆಲಸ ಸುಳ್ಳಾಗುವುದಿಲ್ಲ. 1942ರ ನವೆಂಬರ್‌ನಲ್ಲಿ ಚರ್ಚಿಲ್ ಬ್ರಿಟಿಷ್ ಸಂಸತ್ತಿನಲ್ಲೇ ಈ ಮರೆಮಾಚುವಿಕೆಯನ್ನು ಹೊಗಳಿದರು. ಒಬ್ಬ ಜಾದೂಗಾರನ ಜಂಬಕ್ಕಾಗಿ ರಾತ್ರಿಯೆಲ್ಲ ಕ್ಯಾನ್ವಾಸ್ ಹೊತ್ತ ನೂರಾರು ಜನರ ಶ್ರಮವನ್ನು ಅಳಿಸಿಹಾಕುವುದು ಅನ್ಯಾಯ.

ಉಪಗ್ರಹದ ವಾದಕ್ಕೆ ಪೋಖರಣ್ ಅಣುಪರೀಕ್ಷೆಯೇ ಸಾಕು. ಅದು ಯುದ್ಧವಲ್ಲ ನಿಜ, ಆದರೆ ಕಣ್ತಪ್ಪಿಸುವ ವಿದ್ಯೆ ಅದೇ. 1995ರ ಸಿದ್ಧತೆ ಅಮೆರಿಕದ ಉಪಗ್ರಹಗಳ ಕಣ್ಣಿಗೆ ಬಿದ್ದಿತ್ತು. 1998ರಲ್ಲಿ ವಿಜ್ಞಾನಿಗಳು ಸೈನಿಕರ ಸಮವಸ್ತ್ರ ತೊಟ್ಟರು, ಕೆಲಸ ರಾತ್ರಿಯಲ್ಲಿ ನಡೆಯಿತು. ಮೇ 11ರಂದು ಭಾರತವೇ ಘೋಷಿಸುವ ತನಕ ಅಮೆರಿಕಕ್ಕೆ ಸುಳಿವು ಹತ್ತಲಿಲ್ಲ.

ಇನ್ನು ಹೇಡಿತನದ ಆರೋಪ. ಇದನ್ನು ಹೊರಿಸುವವರು ಮಹಾಭಾರತದ ದ್ರೋಣನ ವಧೆಯನ್ನು ಎತ್ತಿ ತೋರಿಸುತ್ತಾರೆ. ಆ ಉದಾಹರಣೆ ಅವರ ವಾದಕ್ಕೇ ಎದುರು ನಿಲ್ಲುತ್ತದೆ. ದ್ರೋಣ ನಂಬಿದ್ದು ಧರ್ಮರಾಯನ ನಾಲಿಗೆಯನ್ನು, ಅವನು ಸುಳ್ಳಾಡುವವನಲ್ಲ ಎಂಬ ಭರವಸೆಯನ್ನು. ಆ ಭರವಸೆಯನ್ನೇ ಆಯುಧ ಮಾಡಿಕೊಂಡದ್ದು ನಂಬಿಕೆದ್ರೋಹ. ಬಿಳಿ ಬಾವುಟ ತೋರಿಸಿ ಗುಂಡು ಹಾರಿಸುವುದೂ ಅದೇ ಜಾತಿಗೆ ಸೇರಿದ್ದು. ಅದನ್ನು ನಾನೂ ಖಂಡಿಸುತ್ತೇನೆ. ಆದರೆ ಲಾರಿಯಂತೆ ಕಾಣುವುದರ ಕೆಳಗೆ ಟ್ಯಾಂಕ್ ಇರುವುದಿಲ್ಲ ಎಂದು ಯಾರೂ ರಾಮೆಲ್‌ಗೆ ಮಾತು ಕೊಟ್ಟಿರಲಿಲ್ಲ. 1907ರ ಹೇಗ್ ನಿಯಮಾವಳಿಯ 24ನೇ ವಿಧಿ ಯುದ್ಧದ ಇಂಥ ಉಪಾಯಗಳಿಗೆ ಅನುಮತಿ ನೀಡುತ್ತದೆ, 23ನೇ ವಿಧಿ ಬಿಳಿ ಬಾವುಟದ ದುರ್ಬಳಕೆಯನ್ನು ನಿಷೇಧಿಸುತ್ತದೆ.

ಎಲ್ ಅಲಮೀನ್‌ನ ನಡುಭಾಗದಲ್ಲಿ, ರುವೈಸಾತ್ ದಿಬ್ಬದ ಮೇಲೆ, ನಮ್ಮ 4ನೇ ಭಾರತೀಯ ಡಿವಿಷನ್ ನಿಂತಿತ್ತು. ಮರಳಿನಲ್ಲಿ ತಗಡಿನ ಕೊಳವೆ ಎಳೆದವರು ಅಂಥವರ ಪ್ರಾಣ ಉಳಿಸಲು ಎಳೆದರು. ಐರ್ಟನ್ 1943ರಲ್ಲಿ, ಯುದ್ಧ ಮುಗಿಯುವ ಮೊದಲೇ, ತೀರಿಕೊಂಡರು. ಅವರಂಥವರನ್ನು ಹೇಡಿಗಳೆಂದು ಕರೆಯುವವರು ಆ ಮಾತನ್ನು ಹಿಂತೆಗೆದುಕೊಳ್ಳಬೇಕು.