ದಾರಿ ಯಾರದು?

ಪ್ರವಾಸ ಹೋಗಿ ಬಂದವರು ವಾರ್ಷಿಕ ಸಂಚಿಕೆಗೆ ಪ್ರವಾಸ ಕಥನ ಬರೆದುಕೊಡುವುದು ನಮ್ಮ ಶಾಲೆಯಲ್ಲಿ ನಡೆದು ಬಂದ ಪದ್ಧತಿ. ಎಷ್ಟು ಹೊತ್ತಿಗೆ ಬಸ್ಸು ಹೊರಟಿತು, ಎಲ್ಲಿ ಉಪ್ಪಿಟ್ಟು ತಿಂದೆವು, ಯಾರಿಗೆ ವಾಂತಿಯಾಯಿತು ಎಂಬುದೆಲ್ಲ ಅದರಲ್ಲಿ ಬರುತ್ತದೆ. ಹತ್ತನೆಯ ತರಗತಿಯವರಾದ ನಾವು ಈ ಸಲ ಬರೆಯಹೊರಟಿರುವುದು ನೋಡಿ ಬಂದ ಜಾಗದ ವಿಷಯವನ್ನಲ್ಲ, ನೋಡಲಾಗದೆ ಹಿಂತಿರುಗಿದ ಜಾಗದ ವಿಷಯವನ್ನು. ಅಂದು ನಮಗೆ ಬಂದ ಸಿಟ್ಟು ಈಗ ಉಳಿದಿಲ್ಲವಾದುದರಿಂದ ಬರೆಯುವುದು ಸುಲಭವಾಗಿದೆ.

ಕಳೆದ ಡಿಸೆಂಬರಿನಲ್ಲಿ ನಾವು ಹೋದದ್ದು ತಮಿಳುನಾಡಿನ ಆನೆಮಲೆಯ ಮೇಲಿರುವ ವಾಲ್ಪಾರೈಗೆ. ಚಾಮರಾಜನಗರದಿಂದ ಹೊರಟು ದಿಂಬಂ ಘಾಟಿಯ 27 ತಿರುವುಗಳನ್ನಿಳಿದು, ಸತ್ಯಮಂಗಲ, ಕೊಯಮತ್ತೂರು, ಪೊಳ್ಳಾಚಿಗಳನ್ನು ದಾಟಿ, ಆಳಿಯಾರು ಅಣೆಕಟ್ಟಿನ ಬಳಿಯಿಂದ ಮತ್ತೆ 40 ತಿರುವುಗಳನ್ನು ಹತ್ತಬೇಕು. ಒಂಬತ್ತನೆಯ ತಿರುವಿನಲ್ಲಿ ಒಂದು ನೋಟದ ಕಟ್ಟೆಯಿದೆ. ಅದಕ್ಕೆ ಆ ಘಾಟಿರಸ್ತೆ ಮಾಡಿಸಿದ ಲೋಮ್ ಎಂಬ ಎಂಜಿನಿಯರರ ಹೆಸರು. ಇನ್ನೂ ಮೇಲೆ ಕವರ್ಕಲ್ಲಿನಲ್ಲಿ ಕಾರ್ವರ್ ಮಾರ್ಷ್ ಎಂಬ ತೋಟದ ದೊರೆಯ ಪ್ರತಿಮೆ ನಿಂತಿದೆ. ದೊರೆಗಳು ಬರುವ ಮೊದಲು ಆ ಕಾಡಿನಲ್ಲಿ ಕಾಲುದಾರಿ ಸವೆಸಿದವರ ಹೆಸರು ಮಾತ್ರ ದಾರಿಯುದ್ದಕ್ಕೂ ಯಾವ ಕಲ್ಲಿನ ಮೇಲೂ ನಮಗೆ ಕಾಣಲಿಲ್ಲ. ಆಗ ನಾವು ಅದನ್ನು ಗಮನಿಸಲೂ ಇಲ್ಲ. ಕೋತಿಗಳಿಗೆ ಬಿಸ್ಕತ್ತು ಎಸೆಯುವುದರಲ್ಲಿ ಮಗ್ನರಾಗಿದ್ದೆವು. (ಅದೂ ತಪ್ಪೆಂದು ಮೇಷ್ಟ್ರು ಬೈದರು.)

ಮರುದಿನ ಬೆಳಿಗ್ಗೆ ನಲ್ಲಮುಡಿ ಪೂಂಜೋಲೈಗೆ ಹೋದೆವು. ಚಹದ ತೋಟದ ನಡುವೆ ಸ್ವಲ್ಪ ದೂರ ನಡೆದರೆ ನೆಲ ಒಮ್ಮೆಗೇ ಮುಗಿದುಹೋಗುತ್ತದೆ. ಕೆಳಗೆ ಆಳವಾದ ಕಮರಿ, ಅದರ ತುಂಬ ಮಂಜು, ಆಚೆಗೆ ಕೇರಳದ ಬೆಟ್ಟಗಳು. ಮಂಜು ಸರಿದಾಗ ಕಮರಿಯ ಕಾಡಿನ ನಡುವೆ ಕೆಲವು ಮನೆಗಳೂ ಅವುಗಳ ಕಡೆಗೆ ಇಳಿಯುವ ಸಣ್ಣ ಕಾಲುದಾರಿಯೂ ಕಾಣಿಸಿದವು. ಅದು ಗಿರಿಜನರ ವಸತಿ ಎಂದು ಯಾರೋ ಹೇಳಿದರು. ಅಷ್ಟು ಕೇಳಿದ್ದೇ ತಡ, ನಮ್ಮಲ್ಲಿ ಹದಿನೈದು ಮಂದಿ ಇಳಿಯುವುದೆಂದು ತೀರ್ಮಾನಿಸಿಬಿಟ್ಟೆವು. ಬೆನ್ನಿಗೆ ಚೀಲ, ಕೈಯಲ್ಲಿ ನೀರಿನ ಬಾಟಲಿ, ಇಬ್ಬರ ಬಳಿ ಕ್ಯಾಮೆರಾ. ನೂರು ಹೆಜ್ಜೆ ಹೋಗಿರಲಿಲ್ಲ, ಕಾವಲುಗಾರನೊಬ್ಬ ಅಡ್ಡ ನಿಂತ. ಅನುಮತಿ ಇಲ್ಲದೆ ಯಾರೂ ಇಳಿಯುವಂತಿಲ್ಲ, ಆನೆಗಳಿವೆ, ಅಲ್ಲಿ ಜನರೂ ಇದ್ದಾರೆ ಎಂದ. ತಮಿಳಿನಲ್ಲಿ ಹೇಳಿದರೂ ನಮಗೆ ಚೆನ್ನಾಗಿಯೇ ಅರ್ಥವಾಯಿತು.

ಅಂದು ರಾತ್ರಿ ವಸತಿಗೃಹದಲ್ಲಿ ದೊಡ್ಡ ವಾದವೇ ನಡೆಯಿತು. ಕಾಡು ದೇಶದ ಸ್ವತ್ತು, ನಾವೂ ದೇಶದ ಮಕ್ಕಳು, ನಮ್ಮನ್ನು ತಡೆಯಲು ಇವರಾರು ಎಂಬುದು ಒಂದು ಪಕ್ಷ. ಪುರಾತನ ಸಂಸ್ಕೃತಿಯನ್ನು ಕಣ್ಣಾರೆ ನೋಡದೆ ಪುಸ್ತಕದಲ್ಲಿ ಓದಿ ಏನು ಪ್ರಯೋಜನ ಎಂಬುದು ಇನ್ನೊಂದು. ನಿಜ ಹೇಳಬೇಕೆಂದರೆ ಆಗ ನಮ್ಮಲ್ಲಿ ಹೆಚ್ಚಿನವರು ಈ ಎರಡರಲ್ಲಿ ಒಂದನ್ನು ಹಿಡಿದವರೇ. ನಮ್ಮ ತರಗತಿಯಲ್ಲಿ ಬಿಳಿಗಿರಿರಂಗನ ಬೆಟ್ಟದ ಪೋಡಿನಿಂದ ಬಂದು ಓದುವ ಸೋಲಿಗರ ಹುಡುಗನೊಬ್ಬನಿದ್ದಾನೆ. ಮಾತು ಕಡಿಮೆ. ಅವನು ಅದುವರೆಗೆ ಗೋಡೆಗೊರಗಿ ಸುಮ್ಮನೆ ಕುಳಿತಿದ್ದವನು ಮೇಷ್ಟ್ರ ಕಡೆಗೆ ತಿರುಗಿ ಹೇಳಿದ: “ನಮ್ಮ ಪೋಡಿಗೂ ಹಿಂಗೇ ಬತ್ತರೆ ಸಾ. ಕೇಳದೇ ಇಲ್ಲ, ಪೋಟೊ ತಗೀತರೆ. ನಮ್ಮಜ್ಜಿ ಒಳಕ್ಕೋಗಿ ಕದ ಹಾಕತಳೆ.” ವಾದ ಅಲ್ಲಿಗೆ ನಿಂತಿತು. ಯಾರೂ ಅವನಿಗೆ ಉತ್ತರ ಹೇಳಲಿಲ್ಲ.

ಊರಿಗೆ ಬಂದ ಮೇಲೆ ಆ ಬೆಟ್ಟದ ಜನರ ವಿಷಯ ಓದತೊಡಗಿದೆವು. ಆನೆಮಲೆಯಲ್ಲಿ ಕಾಡರು, ಮಲಸರು, ಮಲೈ ಮಲಸರು, ಮುದುವರು, ಪುಲೆಯರು, ಎರವಾಳರು ಎಂಬ ಜನಾಂಗಗಳಿವೆ. ಕಾಡರು ಎಂದರೆ ಕಾಡಿನವರು. ಈ ಹೆಸರನ್ನು ಕನ್ನಡಿಗರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಮಲಸರ ಹೆಸರಿನಲ್ಲಿರುವುದೂ ನಮ್ಮ ‘ಮಲೆ’ಯೇ. ಮುದುವರು ತಾವು ಮಧುರೆಯ ಕಡೆಯಿಂದ ಬೆಟ್ಟ ಹತ್ತಿ ಬಂದವರೆಂದು ಹೇಳಿಕೊಳ್ಳುತ್ತಾರೆ. ಬರುವಾಗ ಬೆನ್ನ ಮೇಲೆ ಹೊತ್ತು ತಂದುದರಿಂದ ಆ ಹೆಸರಂತೆ. ತಮಿಳಿನಲ್ಲಿ ಮುದುಗು ಎಂದರೆ ಬೆನ್ನು. ಗಡಿಯಾಚೆ ಕೇರಳದಲ್ಲಿ ಮುದುವರ ಇಡಮಲಕ್ಕುಡಿ 2010ರಲ್ಲಿ ಆ ರಾಜ್ಯದ ಮೊದಲ ಗಿರಿಜನ ಗ್ರಾಮ ಪಂಚಾಯಿತಿಯಾಯಿತು.

ಕಾಡರ ವಿಷಯ ಪುಸ್ತಕಗಳಿಗೆ ಕೊರತೆಯಿಲ್ಲ. 1909ರಲ್ಲಿ ಥರ್ಸ್ಟನ್ ಬರೆದ, ಅದೇ ವರ್ಷ ಎಲ್. ಕೆ. ಅನಂತಕೃಷ್ಣ ಅಯ್ಯರ್ ಬರೆದ, 1952ರಲ್ಲಿ ಎಹ್ರೆನ್‌ಫೆಲ್ಸ್ ಬರೆದ. ಹಲ್ಲುಗಳನ್ನು ಚೂಪಾಗಿ ಕೆತ್ತಿಸಿಕೊಳ್ಳುತ್ತಿದ್ದುದು, ಬಿದಿರಿನ ಬಾಚಣಿಗೆಯಲ್ಲಿ ಚಿತ್ತಾರ ಕೊರೆದು ಹೆಣ್ಣಿಗೆ ಕೊಡುತ್ತಿದ್ದುದು, ಎತ್ತರದ ಮರಗಳಿಂದಲೂ ಬಂಡೆಗಳಿಂದಲೂ ಜೇನು ಇಳಿಸುತ್ತಿದ್ದುದು, ಎಲ್ಲವೂ ಅಚ್ಚಾಗಿದೆ. ಅವರ ಹಲ್ಲನ್ನು ಎಣಿಸಿದಷ್ಟು ಶ್ರದ್ಧೆಯಿಂದ ಅವರ ನೆಲವನ್ನು ಯಾರೂ ಲೆಕ್ಕಹಾಕಲಿಲ್ಲವೆಂದು ನಮಗೆ ತೋರುತ್ತದೆ. 1890ರ ದಶಕದಿಂದ ಕಾಡು ಕಡಿದು ಕಾಫಿ, ಚಹಗಳ ತೋಟಗಳಾದವು. ಆಮೇಲೆ ಪರಂಬಿಕುಳಂ–ಆಳಿಯಾರು ಯೋಜನೆಯ ಅಣೆಕಟ್ಟುಗಳು ಬಂದವು. 2007ರಲ್ಲಿ ಆನೆಮಲೆ ಹುಲಿ ಸಂರಕ್ಷಿತ ಪ್ರದೇಶವಾಯಿತು. ಒಂದೊಂದಕ್ಕೂ ಕಾರಣವಿತ್ತು, ಕೆಲವಕ್ಕೆ ಒಳ್ಳೆಯ ಕಾರಣವೂ ಇತ್ತು. ಆದರೆ ಪ್ರತಿಸಲವೂ ಸರಿದು ಜಾಗ ಬಿಟ್ಟವರು ಅವರೇ.

2019ರ ಮಳೆಗಾಲದಲ್ಲಿ ವಾಲ್ಪಾರೈ ಬಳಿಯ ಕಲ್ಲಾರ್‌ಕುಡಿಯೆಂಬ ಕಾಡರ ವಸತಿಯಲ್ಲಿ ಭೂಮಿ ಕುಸಿದು ಮನೆಗಳು ಹಾಳಾದವು. ಜನರು ತೆಪ್ಪಕುಳಮೇಡು ಎಂಬಲ್ಲಿ ತಮ್ಮ ಕಾಡಿನೊಳಗೇ ಬದಲಿ ಜಾಗ ಕೇಳಿದರು. ಅದನ್ನು ಪಡೆಯಲು ಅವರು ಹೋರಾಟವನ್ನೇ ಮಾಡಬೇಕಾಯಿತು. ಇದನ್ನು ಓದಿದಾಗ ನಮಗೆ ನಾಚಿಕೆಯಾಯಿತೆಂದು ಮುಚ್ಚುಮರೆಯಿಲ್ಲದೆ ಹೇಳುತ್ತೇವೆ. ಅಲ್ಲಿಯೇ ಹುಟ್ಟಿದವರು ಮನೆ ಕಟ್ಟಿಕೊಳ್ಳಲು ಅನುಮತಿಗಾಗಿ ಕಾಯಬೇಕು. ಎರಡು ದಿನದ ಮಟ್ಟಿಗೆ ಬಂದ ನಾವು ಅರ್ಧ ಗಂಟೆ ತಡೆದಿದ್ದಕ್ಕೆ ರಾತ್ರಿಯೆಲ್ಲ ಕೂಗಾಡಿದ್ದೆವು.

ಹಾಗಾದರೆ ಹೊರಗಿನವರು ಅಂಥ ದಾರಿಗಳಲ್ಲಿ ನಡೆಯಲೇಬಾರದೆ? ನಮ್ಮ ಅಭಿಪ್ರಾಯ ಹಾಗಿಲ್ಲ. ನಡೆಯಬಹುದು, ಆದರೆ ಆ ದಾರಿಯ ಜನರು ಕರೆದರೆ ನಡೆಯಬೇಕು. ಈಗ ಅನುಮತಿ ಎಂದರೆ ಕಚೇರಿಯ ಚೀಟಿ ಎಂದಾಗಿದೆ. ಕಾಡುಪ್ರಾಣಿಗಳ ದೃಷ್ಟಿಯಿಂದ ಆ ಚೀಟಿ ಬೇಕೇ ಬೇಕು, ಆದರೆ ಅದೊಂದೇ ಸಾಲದು. 2006ರ ಅರಣ್ಯ ಹಕ್ಕು ಕಾಯಿದೆಯ 5ನೆಯ ಕಲಮು ಅರಣ್ಯವಾಸಿಗಳ ನೈಸರ್ಗಿಕ ಹಾಗೂ ಸಾಂಸ್ಕೃತಿಕ ಪರಂಪರೆಗೆ ಹಾನಿಯಾಗದಂತೆ ನೋಡಿಕೊಳ್ಳುವ ಅಧಿಕಾರವನ್ನು ಗ್ರಾಮಸಭೆಗೆ ಕೊಟ್ಟಿದೆ. ಮನೆಗೆ ಯಾರು ಬರಬೇಕು, ಎಲ್ಲಿಯವರೆಗೆ ಬರಬೇಕು ಎಂಬುದನ್ನು ಮನೆಯವರೇ ಹೇಳುವುದು ಅದರೊಳಗೆ ಸೇರಬೇಡವೇ?

ಇದು ನಮ್ಮ ಜಿಲ್ಲೆಯಲ್ಲೇ ಅರ್ಧ ನಡೆದಿರುವ ಕೆಲಸ. ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ 2011ರಲ್ಲಿ ಸಮುದಾಯ ಅರಣ್ಯ ಹಕ್ಕು ದೊರೆಯಿತು. ಹುಲಿ ಸಂರಕ್ಷಿತ ಪ್ರದೇಶದೊಳಗೆ ಇಂಥ ಹಕ್ಕು ದೊರೆತದ್ದು ದೇಶದಲ್ಲಿ ಅದೇ ಮೊದಲು. ಸೋಲಿಗರ ಕುಲಕುಲಕ್ಕೂ ಕಾಡಿನಲ್ಲಿ ಅದರದೇ ಎಲ್ಲೆಯಿದೆ. ಎಲ್ಲೆಯೊಳಗೆ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಎಂಬ ಐದು ಬಗೆಯ ಪೂಜ್ಯ ಸ್ಥಳಗಳಿರುತ್ತವೆ. ಕಲ್ಲುಗುಡಿ ಎಂದರೆ ಹಿರಿಯರನ್ನು ಮಣ್ಣು ಮಾಡಿದ ಜಾಗ. ಹೊರಗಿನವನ ಕಣ್ಣಿಗೆ ಅದು ಕೆಲವು ಕಲ್ಲುಗಳು, ಅಷ್ಟೇ. ಅವನು ಅದರ ಮೇಲೆ ಕುಳಿತು ಚಿತ್ರಾನ್ನದ ಪೊಟ್ಟಣ ಬಿಚ್ಚಬಹುದು, ತಿಂದು ಹಾಳೆಯನ್ನು ಅಲ್ಲೇ ಬಿಸಾಡಿ ಹೋಗಬಹುದು. ಕೆಟ್ಟ ಬುದ್ಧಿಯಿಂದ ಮಾಡಿರುವುದಿಲ್ಲ, ಗೊತ್ತಿಲ್ಲದೆ ಮಾಡಿರುತ್ತಾನೆ. ನಲ್ಲಮುಡಿಯ ಕಮರಿಗೆ ನಾವು ಇಳಿದಿದ್ದರೆ ಯಾವ ಕಲ್ಲಿನ ಮೇಲೆ ಕುಳಿತಿರುತ್ತಿದ್ದೆವೋ!

ಆಸ್ಟ್ರೇಲಿಯದಲ್ಲಿಯೂ ಇದೇ ಪ್ರಶ್ನೆ. ಉಲುರು ಎಂಬ ಕೆಂಪು ಬಂಡೆಬೆಟ್ಟ ಅಲ್ಲಿನ ಮೂಲನಿವಾಸಿಗಳಾದ ಅನಂಗು ಜನರಿಗೆ ಪವಿತ್ರ. 1985ರ ಅಕ್ಟೋಬರ್ 26ರಂದು ಸರ್ಕಾರ ಅದನ್ನು ಅವರಿಗೆ ಮರಳಿ ಒಪ್ಪಿಸಿತು. ಹತ್ತಬೇಡಿರೆಂದು ಅವರು ವರ್ಷಗಟ್ಟಲೆ ವಿನಂತಿಸಿದರೂ ಪ್ರವಾಸಿಗಳು ಹತ್ತುತ್ತಲೇ ಇದ್ದರು. ಕೊನೆಗೆ 2019ರಲ್ಲಿ ಅದೇ ಅಕ್ಟೋಬರ್ 26ರಂದು ಹತ್ತುವುದನ್ನು ನಿಲ್ಲಿಸಲಾಯಿತು. ನಂತರ ಏಳೇ ತಿಂಗಳಿಗೆ, 2020ರ ಮೇ ತಿಂಗಳಲ್ಲಿ, ಅದೇ ದೇಶದ ಜೂಕನ್ ಕಮರಿಯಲ್ಲಿ 46,000 ವರ್ಷಗಳಷ್ಟು ಹಿಂದೆಯೇ ಮನುಷ್ಯರು ವಾಸಿಸಿದ್ದ ಕಲ್ಲಾಸರೆಯನ್ನು ಕಬ್ಬಿಣದ ಅದಿರಿಗಾಗಿ ಗಣಿ ಕಂಪನಿಯೊಂದು ಸಿಡಿಮದ್ದಿನಿಂದ ಸಿಡಿಸಿಬಿಟ್ಟಿತು. ಗಣಿಯ ಮುಂದೆ ನಮ್ಮ ಚಿತ್ರಾನ್ನದ ಹಾಳೆ ದೊಡ್ಡದೇನಲ್ಲವೆಂದು ಯಾರಾದರೂ ಹೇಳಬಹುದು. ಒಪ್ಪುತ್ತೇವೆ. ಆದರೆ ಎರಡು ಕಡೆಯೂ ಕೇಳದೆ ಬಿಟ್ಟದ್ದು ಒಂದೇ ಮಾತನ್ನು.

ಪ್ರವಾಸಿಗಳಿಂದ ಗಿರಿಜನರಿಗೆ ನಾಲ್ಕು ಕಾಸು ಸಿಗುತ್ತದಲ್ಲ ಎಂದು ನಮ್ಮ ಗೆಳೆಯರು ಈಗಲೂ ವಾದಿಸುತ್ತಾರೆ. ಸಿಗಲಿ. ದಾರಿ ತೋರಿಸುವವರು ಅವರೇ ಆಗಲಿ, ಕೂಲಿಯನ್ನು ಅವರೇ ನಿಗದಿ ಮಾಡಲಿ. ಕೇರಳದ ವಾಳಚ್ಚಾಲ್ ಕಾಡಿನಲ್ಲಿ ಹಿಂದೆ ಮಂಗಟ್ಟೆ ಹಕ್ಕಿಯ ಮರಿಗಳನ್ನು ಹಿಡಿಯುತ್ತಿದ್ದ ಕಾಡರೇ ಈಗ ಆ ಹಕ್ಕಿಯ ಗೂಡುಗಳನ್ನು ಕಾಯುವ ಸಂಬಳದ ಕೆಲಸ ಮಾಡುತ್ತಿದ್ದಾರೆ. ಯಾವ ಮರದ ಯಾವ ಪೊಟರೆಯಲ್ಲಿ ಗೂಡಿದೆಯೆಂದು ಅವರಷ್ಟು ಬಲ್ಲವರು ಬೇರೆಯಿಲ್ಲ. ಅಂಥವರ ಹಿಂದೆ ಅರ್ಧ ಮೈಲಿ ನಡೆದರೆ ಕಲಿಯುವುದು, ನಾವಾಗಿಯೇ ಹತ್ತು ಮೈಲಿ ಅಲೆದರೂ ಕಲಿಯಲಾರೆವು. ಆದರೆ ಪೂಜೆಯ ಜಾಗವನ್ನು ತೋರಿಸೆಂದು ಕಾಸು ಚಾಚುವುದು ಸರಿಯೆಂದು ನಮಗೆ ಅನ್ನಿಸುವುದಿಲ್ಲ. ಕೆಲವನ್ನು ತೋರಿಸದಿರುವ ಹಕ್ಕೂ ಅವರದೇ.

ಬರುವ ವರ್ಷದ ಹತ್ತನೆಯ ತರಗತಿಯವರು ದೂರ ಹೋಗದೆ ನಮ್ಮ ಬೆಟ್ಟದಲ್ಲೇ ದೊಡ್ಡಸಂಪಿಗೆಯವರೆಗೆ ಕಾಲ್ನಡಿಗೆ ಮಾಡಲೆಂದು ಮೇಷ್ಟ್ರ ಬಳಿ ಹೇಳಿದ್ದೇವೆ. ಅರಣ್ಯದವರ ಅನುಮತಿಗೆ ಅರ್ಜಿ ಬರೆಯುವುದು ಶಾಲೆಯ ಕೆಲಸ. ಅದಕ್ಕೆ ಮೊದಲು ಪೋಡಿನ ಹಿರಿಯರಿಗೆ ನಾವೇ ಒಂದು ಕಾಗದ ಬರೆದು, ಗೆಳೆಯನ ಕೈಯಲ್ಲಿ ಕೊಟ್ಟು ಕಳಿಸಿದ್ದೇವೆ. ಹಿರಿಯರು ಕೂತು ಮಾತಾಡಬೇಕು, ಸುಗ್ಗಿ ಕಳೆಯಲಿ ಎಂದಿದ್ದಾರಂತೆ. ಬೇಡವೆಂದರೆ ಹೋಗುವುದಿಲ್ಲ. ಅವನ ಅಜ್ಜಿ ಮಾತ್ರ, ಎಷ್ಟು ಜನ ಬರುತ್ತಾರೆ, ಊಟಕ್ಕೆ ರಾಗಿ ಎಷ್ಟು ಬೀಸಬೇಕು ಎಂದು ಆಗಲೇ ಕೇಳಿ ಕಳಿಸಿದ್ದಾಳೆ.